ಸೈರನ್ ಇಲ್ಲದ ಸದ್ದು

ಮೇ 9

ಪ್ರೀತಿಯ ಅಕ್ಕಾ,

ನೀನು ನನ್ನ ಮದುವೆಗೆ ಬರಲಿಲ್ಲ. ಆ ಜಗಳವನ್ನು ಕಾಗದದ ಕೊನೆಯಲ್ಲಿ ಆಡೋಣ. ಮೊದಲು ನನ್ನ ಸಂತೋಷವನ್ನು ಪೂರ್ತಿ ಓದು, ಪ್ಲೀಸ್!

ಕೆಳಗೆ ಇವರ ಮೈಕ್‌ಸೆಟ್ ಅಂಗಡಿ, ಮೇಲೆ ನಮ್ಮ ಎರಡು ಕೋಣೆ. ಅಂಗಡಿಯಲ್ಲಿ ಹಿಡಿಯದ ಸ್ಪೀಕರ್‌ಗಳು ಮೆಟ್ಟಿಲು ಹತ್ತಿ ನಮ್ಮ ಮಂಚದವರೆಗೂ ಬಂದಿವೆ. ಎಲ್ಲಕ್ಕಿಂತ ದೊಡ್ಡದರ ಮೇಲೆ ನಾನು ಬಟ್ಟೆ ಮಡಚಿ ಇಡುತ್ತೇನೆ. ಕಿಟಕಿಗೆ ಹಳದಿ ಪರದೆಯೋ ತಿಳಿಹಸಿರೋ ಎಂದು ಬಂದ ದಿನದಿಂದ ವಾದ ನಡೆದಿದೆ. ವಾದ ಎಂದರೆ ನಾನು ಮಾತಾಡುತ್ತೇನೆ, ಇವರು ನಗುತ್ತಾರೆ. ಊರೆಲ್ಲ ಇವರನ್ನು ‘ಮೈಕು’ ಅನ್ನುತ್ತದೆ, ಆದರೆ ಬಾಯಿಬಿಟ್ಟರೆ ಮುತ್ತು ಉದುರುತ್ತದೆ ಎನ್ನುವ ಹಾಗೆ ಇರುತ್ತಾರೆ. “ಇದ್ದ ದನಿಯನ್ನೆಲ್ಲ ಬಾಡಿಗೆಗೆ ಕೊಟ್ಟುಬಿಟ್ರಾ?” ಎಂದು ರೇಗಿಸಿದರೆ ಕಿವಿ ಕೆಂಪಾಗುತ್ತದೆ. ಅಕ್ಕಾ, ಆ ಕಿವಿಗಳು!

ಈಗ ಕೇಳು. ನಿನ್ನೆ ಮಧ್ಯಾಹ್ನ ಆಕಾಶ ತೊಳೆದು ಒರೆಸಿಟ್ಟ ತಟ್ಟೆಯ ಹಾಗಿತ್ತು, ಒಂದು ಎಳೆ ಮೋಡವಿಲ್ಲ. ಇದ್ದಕ್ಕಿದ್ದಂತೆ ಧಡ್ಡಂ! ಕಿಟಕಿಯ ಗಾಜು ಗಡಗಡ ಅಂದಿತು, ಮೇಜಿನ ಮೇಲಿನ ಲೋಟ ತಾನಾಗಿ ಸರಿಯಿತು. ನಾನು ಕಿರುಚಿ ಇವರ ತೋಳಿಗೆ ಜೋತುಬಿದ್ದೆ. “ಏನ್ರೀ ಅದು?” ಎಂದರೆ, “ಮೇಲಿನವನು ಕೆಮ್ಮಿದ” ಎಂದರು, ತಣ್ಣಗೆ. ಊರಿನವರು ಹಾಗೇ ಅನ್ನುವುದಂತೆ. ಗುಡುಗಲ್ಲ, ವಿಮಾನವಲ್ಲ, ಏನೆಂದು ಯಾರಿಗೂ ತಿಳಿಯದು. ವಿಜ್ಞಾನಿಗಳು ಬಂದು ಯಂತ್ರ ಇಟ್ಟರಂತೆ. ಯಂತ್ರ ಇದ್ದಷ್ಟು ದಿನ ಮೇಲಿನವನಿಗೆ ಕೆಮ್ಮೇ ಬರಲಿಲ್ಲವಂತೆ! ಇವರು ಮಾತ್ರ ಹಠ ಹಿಡಿದು ಮಾಳಿಗೆಯ ಮೇಲೆ ಮೈಕು ಕಟ್ಟಿ ಆ ಸದ್ದನ್ನು ರೆಕಾರ್ಡ್ ಮಾಡುತ್ತಾರೆ. ಎಂಥ ಮುದ್ದು ಹುಚ್ಚು ಅಲ್ಲವಾ?

ಈಗ ಜಗಳ. ಇವರು ಧಣಿಯ ಅಕ್ಕನ ಮಗ ಅಷ್ಟೇ, ಧಣಿಯಲ್ಲ. ಧಣಿಯ ಕಲ್ಲುಗಣಿಯಲ್ಲಿ ಸಿಡಿಮದ್ದು ಹಾರಿಸುತ್ತಿದ್ದ ಅಪ್ಪ ಒಂದು ದಿನ ತಪ್ಪು ಮಾಡಿದರು, ಒಂದು ಜೀವ ಹೋಯಿತು, ಜೈಲೂ ಆಯಿತು. ನಾನಾಗ ಆರು ವರ್ಷದವಳು. ಅಪ್ಪನನ್ನು ನಾನು ಯಾವತ್ತೋ ಕ್ಷಮಿಸಿದ್ದೇನೆ. ನೀನೂ ಈ ಊರನ್ನು ಕ್ಷಮಿಸಬಾರದಾ? ಇಲ್ಲಿಯವರಿಗೆ ನಾನು ಬೇರೆ ಊರಲ್ಲಿ ಸೋದರತ್ತೆ ಸಾಕಿದ ಹುಡುಗಿ ಎಂದಷ್ಟೇ ಗೊತ್ತು. ಇವರಿಗೂ ಇನ್ನೂ ಹೇಳಿಲ್ಲ. ಹೇಳುತ್ತೇನೆ, ಸ್ವಲ್ಪ ಹಳಬಳಾದ ಮೇಲೆ.

ನಿನ್ನ,
ಪಟಾಕಿ


ಮೇ 17

ಪಟಾಕಿ,

ಕಾಗದ ಬಂತು. ಪರದೆಯ ಸಮಾಚಾರ ನನಗೆ ಬೇಡ. ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ದಿನವಿಡೀ ಪರದೆಯನ್ನೇ ಹೊಲಿಯುತ್ತೇನೆ.

ಅಪ್ಪನಿಗೆ ಕ್ಷಮೆ ದಯಪಾಲಿಸಿದ್ದಕ್ಕೆ ದೊಡ್ಡ ಉಪಕಾರವಾಯಿತು.

ಎರಡೇ ಪ್ರಶ್ನೆ. ಧಣಿಯ ಗಣಿ ಮುಚ್ಚಿ ಎಷ್ಟು ಕಾಲವಾಯಿತು? ಮೊನ್ನೆ ಆ ಸದ್ದು ಬರುವ ಮುಂಚೆ ಸೈರನ್ ಕೇಳಿಸಿತಾ?

ಅಂಗಡಿಯ ಫೋನಿಗೆ ನಾನು ಮಾಡುವುದಿಲ್ಲ. ಅಪ್ಪನಿಗೆ ಕಿವಿ ಹೋಗಿದೆ, ಕಣ್ಣು ಹೋಗಿಲ್ಲ. ನಾನು ಮಾತಾಡುವಾಗ ಮುಖ ನೋಡಿಯೇ ಎಲ್ಲ ಓದಿಬಿಡುತ್ತಾರೆ. ಕಾಗದ ಬರಿ, ಹೊಲಿಗೆ ಕೋಣೆಯ ವಿಳಾಸಕ್ಕೆ.

ಅಕ್ಕ


ಮೇ 24

ಅಕ್ಕಾ,

ನಿನ್ನ ಎರಡು ಪ್ರಶ್ನೆಗಳನ್ನು ಹಾಸಿಗೆ ಸರಿಪಡಿಸುತ್ತಾ, ಅನ್ನ ಬಡಿಸುತ್ತಾ, ಇವರೊಡನೆ ನಗುತ್ತಾ ಕೇಳಿಕೊಂಡೇ ಇದ್ದೇನೆ. ಗಣಿ ಮುಚ್ಚಿ ಎಷ್ಟೋ ವರ್ಷವಾಗಿದೆ. ಸೈರನ್ ಕೇಳಿಸಲಿಲ್ಲ. ಕೂಗಿಸುವವರೇ ಇಲ್ಲ.

ಗಣಿ ನಿಂತ ಮೇಲೆಯೇ ಈ ಸದ್ದು ಶುರುವಾಯಿತು ಎಂದು ಊರು ನಂಬಿದೆ. ಗಣಿ ನಡೆಯುತ್ತಿದ್ದಾಗ ಯಾವ ಸದ್ದು ಬಂದರೂ ‘ಗಣಿಯದು’ ಎಂದು ಸುಮ್ಮನಾಗುತ್ತಿದ್ದರಂತೆ. ಬಸ್‌ಸ್ಟ್ಯಾಂಡಿನಲ್ಲಿ ಯಾರು ಜೇಬು ಕತ್ತರಿಸಿದರೂ ಹಳೇ ಕಳ್ಳನನ್ನೇ ಹಿಡಿಯುತ್ತಾರಲ್ಲ, ಹಾಗೆ. ಅಕ್ಕಾ, ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಅಷ್ಟು ವರ್ಷ ಓದಿದ ನನಗೆ, ಅಪ್ಪನ ತಲೆಗೆ ಬಂದ ಸದ್ದೂ ಇದೇ ಆಗಿರಬಹುದು ಎಂದು ಹೊಳೆಯಲಿಲ್ಲ. ನೀನು ಒಂದು ಸಾಲಿನಲ್ಲಿ ಕೇಳಿಬಿಟ್ಟೆ.

ನಿನ್ನೆ ಧಣಿಯ ಮನೆಯಲ್ಲಿ ಹೊಸ ಜೋಡಿಗೆ ಊಟ. ನಡುಮನೆಯ ಗೋಡೆಯ ಮೇಲೆ, ಫೋಟೋಗಳ ನಡುವೆ, ಹಿತ್ತಾಳೆ ಪಾಲಿಶ್ ಮಾಡಿ ತೂಗುಹಾಕಿದ ಕೈಸೈರನ್! ಧಣಿ ಅದನ್ನು ಕೆಳಗಿಳಿಸಿ ನನ್ನ ತೊಡೆಯ ಮೇಲೆ ಇಟ್ಟ. “ತಿರುಗಿಸಮ್ಮ ಮದುಮಗಳೇ! ಇದನ್ನ ಕೂಗಿಸೋ ಮೇಸ್ತ್ರಿ ಒಬ್ಬ ಇದ್ದ. ಒಂದು ದಿನ ಕುಡಿದು ಬಂದ ನೋಡು, ಸೈರನ್ನೂ ಇಲ್ಲ ಗೈರನ್ನೂ ಇಲ್ಲ, ಢಂ! ಶಾಲೆ ಗೋಡೆ ಬಿತ್ತು, ಹಾಲಿನವನ ಹೆಂಡತಿ ಹೋದಳು. ನಾನೇ ಕೋರ್ಟಲ್ಲಿ ನಿಂತು ಹೇಳಿ ಒಳಗೆ ಹಾಕಿಸಿದೆ.” ಎಲ್ಲರೂ ತಲೆಯಾಡಿಸಿದರು. ಈ ಕಥೆ ಅವರಿಗೆ ಊಟದ ಜೊತೆಯ ಉಪ್ಪಿನಷ್ಟೇ ಹಳೆಯದು.

ಹಿಡಿಗೆ ಸುತ್ತಿದ ಬಟ್ಟೆ ಕೈಗೆ ಸಿಕ್ಕಿತು. ನೀಲಿ ಚೌಕಳಿ. ಅಪ್ಪನ ಅಂಗೈಯಲ್ಲಿ ಬೊಬ್ಬೆ ಬರುತ್ತದೆಂದು ನಿನ್ನ ಶಾಲೆಯ ಸ್ಕರ್ಟು ಕತ್ತರಿಸಿ ನೀನು ಹೊಲಿದದ್ದು. ಅದೇ ಅಡ್ಡಾದಿಡ್ಡಿ ಹೊಲಿಗೆ.

ನಾನು ತಿರುಗಿಸಿದೆ. ಅದು ಕೂಗಿತು. ಎಲ್ಲರೂ ನಕ್ಕರು. ನಾನೂ ನಕ್ಕೆ ಅಕ್ಕಾ. ಅದೇ ನನ್ನನ್ನು ಈಗ ಸುಡುತ್ತಿದೆ.

ಅಪ್ಪ ಕುಡಿಯುತ್ತಿದ್ದರಾ? ಅತ್ತೆ ಹಾಗೆಂದೇ ಹೇಳಿದ್ದರು.

ಪಟಾಕಿ


ಜೂನ್ 2

ಪಟಾಕಿ,

ಅಪ್ಪ ಕುಡಿದದ್ದು ಜೀವಮಾನದಲ್ಲಿ ಒಂದೇ ಸಲ, ಜೈಲಿನಿಂದ ಬಂದ ದಿನ. ವಾಂತಿ ಮಾಡಿಕೊಂಡು ನನ್ನ ಹತ್ತಿರ ಕ್ಷಮೆ ಕೇಳಿದರು.

ನಡೆದದ್ದು ಇಷ್ಟು. ಮದ್ದು ಹಾರಿಸುವ ಮುಂಚೆ ಮೂರು ಕೂಗು. ಕಲ್ಲು ಬೀಳುವುದು ನಿಂತ ಮೇಲೆ ಒಂದು ಉದ್ದ ಕೂಗು, ‘ಮುಗೀತು, ಹೊರಗೆ ಬನ್ನಿ’ ಎಂದು. ಅಪ್ಪ ಇದನ್ನು ಎಂದೂ ತಪ್ಪಿಸಿದವರಲ್ಲ. ಆ ದಿನ ಅವರು ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಮದ್ದು ಪೆಟ್ಟಿಗೆಯಲ್ಲಿತ್ತು. ಸದ್ದು ಬಂತು. ಕೋರ್ಟಿನಲ್ಲಿ, “ನಾನು ಹಾರಿಸಲಿಲ್ಲ” ಅಂದರು. “ಹಾಗಾದರೆ ಸದ್ದು ಎಲ್ಲಿಂದ ಬಂತು?” ಎಂದು ಕೇಳಿದರು. ಅದಕ್ಕೆ ಅವರಲ್ಲಿ ಉತ್ತರವಿರಲಿಲ್ಲ.

ಧಣಿಯಲ್ಲಿ ಇತ್ತು. ಗಣಿಗೆ ರಜೆ ಇರುವ ದಿನವೂ ಆ ಸದ್ದನ್ನು ಅವನು ಕೇಳಿರಲೇಬೇಕು, ಅವನ ಮನೆ ಇದ್ದದ್ದೇ ಗಣಿಯ ಬಾಯಲ್ಲಿ. ಆದರೆ ಶಾಲೆಯ ಗೋಡೆ ಕಟ್ಟಿಸಿದ್ದೂ ಅವನೇ. ಮಣ್ಣಿಗೆ ಸಿಮೆಂಟಿನ ಬಣ್ಣ ಬಳಿದ ಗೋಡೆ, ಎಮ್ಮೆ ಮೈ ಉಜ್ಜಿದರೂ ಬೀಳುತ್ತಿತ್ತು. ಗೋಡೆಯ ಮಾತು ಬರಬಾರದು ಎಂದರೆ ಮೇಸ್ತ್ರಿಯ ಮಾತು ಬರಬೇಕಿತ್ತು. ಹಾಲಿನವನು ಕೋರ್ಟಿನ ಮೆಟ್ಟಿಲ ಮೇಲೆ ಅಪ್ಪನ ಕೆನ್ನೆಗೆ ಉಗಿದ. ಅಪ್ಪ ಒರೆಸಿಕೊಳ್ಳಲಿಲ್ಲ.

ಇದೆಲ್ಲಕ್ಕಿಂತ ನನ್ನನ್ನು ಕೊಲ್ಲುವುದು ಬೇರೆ. ಈಗ ಅಪ್ಪ ತಮ್ಮನ್ನೇ ನಂಬುವುದಿಲ್ಲ. ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತುಬಿಡುತ್ತಾರೆ. “ಆವತ್ತು ನಾನು ಕೂಗಿಸಿದ್ನಾ? ನಾನೇ ಹಾರಿಸಿ ಮರೆತಿದ್ದೀನಾ?” ಎಂದು ನನ್ನನ್ನು ಕೇಳುತ್ತಾರೆ.

ನನಗೆ ಅವನ ಆಸ್ತಿ ಬೇಡ, ಪ್ರಾಣ ಬೇಡ. ವಿಷಗಿಷ ಹಾಕಲು ಹೋಗಬೇಡ, ಅದಕ್ಕೆ ನಿನ್ನ ಅಡುಗೆಯೇ ಸಾಕು. ಸುಳ್ಳು ಹೇಳಿದ ಅದೇ ಬಾಯಿ, ಅದೇ ಊರಿನ ಮುಂದೆ, ನಿಜ ಹೇಳಬೇಕು. ನೀನು ಅಲ್ಲಿದ್ದೀಯ. ನಾನು ಇಲ್ಲಿದ್ದೇನೆ. ಆ ಮದುವೆಯಿಂದ ಇಷ್ಟಾದರೂ ಲಾಭವಾಗಲಿ.

ಅಕ್ಕ


ಜೂನ್ 21

ಅಕ್ಕಾ! ಅಕ್ಕಾ! ಅಕ್ಕಾ!

ನಾನು ಇಷ್ಟು ಕೆಟ್ಟವಳು ಎಂದು ನನಗೇ ಗೊತ್ತಿರಲಿಲ್ಲ. ಎಷ್ಟು ಖುಷಿಯಾಗುತ್ತಿದೆ ಗೊತ್ತಾ?

ಗಣಿಯ ಗುಂಡಿಯಲ್ಲಿ ಈಗ ನೀರು ನಿಂತಿದೆ. ಧಣಿ ಅದಕ್ಕೆ ಸುತ್ತ ಬೇಲಿ ಹಾಕಿ, ‘ಸರೋವರದ ದಡ’ ಎಂದು ಬೋರ್ಡು ನೆಟ್ಟು, ಹೊರಗಿನವರಿಗೆ ಮನೆ ಸೈಟು ಮಾರುತ್ತಿದ್ದಾನೆ. ಜುಲೈ ಹನ್ನೆರಡಕ್ಕೆ ಉದ್ಘಾಟನೆ. ಮೈಕ್‌ಸೆಟ್ ಇವರದು. ಕಾರ್ಯಕ್ರಮ ನಡೆಸಿಕೊಡುವ ನಿರೂಪಕಿ ಯಾರು? ಇಂಗ್ಲಿಷ್ ಮೀಡಿಯಂ ಸೊಸೆ!

ನಾನು ಮಾಡಿದ್ದು ಸಣ್ಣ ಕೆಲಸ. ಬ್ಲೌಸ್ ಅಳತೆ ಕೊಡುವಾಗ ಟೈಲರಮ್ಮನ ಕಿವಿಯಲ್ಲಿ, “ಗುಂಡಿಯ ತಳದಲ್ಲಿ ಕದ್ದು ಇನ್ನೂ ಮದ್ದು ಹೊಡೀತಾರಂತೆ ಕಣ್ರೀ, ಅದಕ್ಕೇ ಈ ಸದ್ದು. ಯಾರಿಗೂ ಹೇಳ್ಬೇಡಿ” ಅಂದೆ. ಸಂಜೆಯೊಳಗೆ ಆ ಮಾತು ಬಾಲ ಕೊಂಬು ಬೆಳೆಸಿಕೊಂಡು ನನ್ನ ಹತ್ತಿರವೇ ವಾಪಸ್ ಬಂತು. ಈಗ ಸೈಟು ಕೊಳ್ಳುವವರು, “ಮನೆ ಬಿರುಕು ಬಿಟ್ಟರೆ ಯಾರು ಹೊಣೆ?” ಅನ್ನುತ್ತಿದ್ದಾರೆ.

ಮೊನ್ನೆ ಧಣಿ ಅಂಗಡಿಗೆ ಬಂದು ಕುರ್ಚಿಯ ಮೇಲೆ ಕುಸಿದ. “ಯಾವ ಮನೆಹಾಳ ಹಬ್ಬಿಸಿದ್ನೋ ಕಾಣೆ.” ನಾನು ಕಾಫಿ ಕೊಟ್ಟು, “ಮಾವ, ನೀವೇ ವೇದಿಕೆ ಮೇಲೆ ನಾಲ್ಕು ಮಾತು ಹೇಳಿಬಿಡಿ. ನಿಮ್ಮ ಮಾತು ಅಂದ್ರೆ ಕಲ್ಲಲ್ಲಿ ಕೊರೆದ ಹಾಗೆ” ಅಂದೆ. “ನೀನು ಕಣಮ್ಮ ಜಾಣೆ” ಅಂದ.

ಈಗ ತಿಳಿಯಿತಾ? ಸದ್ದು ಗಣಿಯದು ಎಂದರೆ ಅವನ ಸೈಟು ಹೋಯಿತು. ಆಕಾಶದ್ದು ಎಂದರೆ ಅಪ್ಪ ಗೆದ್ದರು. ‘ಈಚೆಗೆ ಶುರುವಾದದ್ದು’ ಎಂದು ನುಣುಚಿಕೊಳ್ಳಲು ನಾನು ಬಿಡುವುದಿಲ್ಲ. ಮೇಲಿನವನನ್ನು ನಂಬಿ ಕೂರುವವಳೂ ನಾನಲ್ಲ. ಇವರ ರೆಕಾರ್ಡಿಂಗುಗಳಲ್ಲಿ ಎಲ್ಲಕ್ಕಿಂತ ಜೋರಾದದ್ದನ್ನು ತೆಗೆದಿಟ್ಟಿದ್ದೇನೆ. ಇವರಿಗೆ ಏನೂ ಗೊತ್ತಿಲ್ಲ.

ಅಪ್ಪನಿಗೆ ಮುತ್ತು.

ಪಟಾಕಿ


ಜುಲೈ 3

ಪಟಾಕಿ,

ಅಪ್ಪ ನನ್ನ ಮುಖ ಓದಿಬಿಟ್ಟರು. ಹೇಳಬೇಕಾಯಿತು.

ಅವರಿಗೆ ಸಂತೋಷವಾಗಲಿಲ್ಲ. “ನನ್ನ ಹೆಸರಿಗೋಸ್ಕರ ಮಗಳ ಮನೆ ಒಡೆಯೋದು ಬೇಡ. ನಾನೇ ಹಾರಿಸಿ ಮರೆತಿರಬಹುದು. ನಿಲ್ಲಿಸು ಅಂತ ಬರಿ” ಅಂದರು. ಬರೆದಿದ್ದೇನೆ.

ಕಡ್ಡಿ ಗೀರಿದವಳು ನಾನು. ಆದರೆ ಮನೆ ನಿನ್ನದು. ಅವನು ನಿನ್ನ ಗಂಡನ ಸೋದರಮಾವ. ಗಂಡಂದಿರು ಎಷ್ಟೇ ಕಿವಿ ಕೆಂಪು ಮಾಡಿಕೊಂಡರೂ ಕೊನೆಗೆ ರಕ್ತದ ಕಡೆಗೇ ವಾಲುತ್ತಾರೆ. ನಿನ್ನ ಗಂಡನಿಗಾದರೂ ಮೊದಲೇ ಹೇಳು. ಇಲ್ಲವೇ ಬಿಟ್ಟುಬಿಡು.

ಅಕ್ಕ


ಜುಲೈ 6

ಅಕ್ಕಾ,

‘ನಾನೇ ಹಾರಿಸಿ ಮರೆತಿರಬಹುದು.’ ಈ ಸಾಲು ಬರೆದು ಕಳಿಸಿ, ನಿಲ್ಲಿಸು ಅನ್ನುತ್ತೀಯಲ್ಲ!

ಇವರಿಗೆ ಹೇಳಿದರೆ ಇವರು ಆರಿಸಬೇಕಾಗುತ್ತದೆ, ನಾನೋ ಮಾವನೋ ಎಂದು. ಆ ಉತ್ತರ ಕೇಳುವ ಧೈರ್ಯ ನನಗಿಲ್ಲ. ಧಣಿಯನ್ನು ಎದುರಿಸುವ ಧೈರ್ಯ ಇದೆ. ತಮಾಷೆ ಅಲ್ಲವಾ?

ಹಳದಿ ಪರದೆ ಹಾಕಿದೆವು. ನೋಡಿದಾಗೆಲ್ಲ ಅಳು ಬರುತ್ತದೆ.

ಪಟಾಕಿ


ಜುಲೈ 20

ಪಟಾಕಿ,

ಹನ್ನೆರಡನೇ ತಾರೀಖು ಕಳೆಯಿತು. ಕಾಗದವಿಲ್ಲ. ಅಂಗಡಿಗೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಅಪ್ಪ ದಿನಾ ಆಸ್ಪತ್ರೆಯ ಗೇಟಿಗೆ ಬಂದು ನನ್ನ ಮುಖ ನೋಡಿ ತಿರುಗಿ ಹೋಗುತ್ತಾರೆ.

ಅಕ್ಕ


ಜುಲೈ 27

ಪಟಾಕಿ,

ಜೀವ ಇದೆ ಎಂದು ಒಂದು ಸಾಲು ಬರಿ. ಬೇಕಾದರೆ ಪರದೆಯ ವಿಷಯವೇ ಬರಿ, ಓದುತ್ತೇನೆ.

ಅಕ್ಕ


ಜುಲೈ 30

ಅಕ್ಕಾ,

ಜೀವ ಇದೆ. ಮನೆಯೂ ಇದೆ. ಆದರೆ ಅದು ನನಗೆ ಗೊತ್ತಾದದ್ದು ಮೊನ್ನೆ, ಅದಕ್ಕೇ ಬರೆಯಲಿಲ್ಲ. ಬಯ್ಯಬೇಡ. ಕ್ರಮವಾಗಿ ಹೇಳುತ್ತೇನೆ.

ಗುಂಡಿಯ ದಡದಲ್ಲಿ ಶಾಮಿಯಾನ. ಊರಿಗೆ ಊರೇ ಬಂದಿತ್ತು, ಸೈಟಿನವರೂ ಬಂದಿದ್ದರು. ಹಾಲಿನವನು ಮೊದಲ ಸಾಲಿನಲ್ಲಿದ್ದ. ನಾನೇ ಮನೆಗೆ ಹೋಗಿ ಕರೆದು, ಅಲ್ಲಿ ಕೂರಿಸಿದ್ದೆ. ಸ್ವಾಗತ, ರಿಬ್ಬನ್ನು, ಚಪ್ಪಾಳೆ, ಎಲ್ಲ ಆಯಿತು. ಧಣಿ ಮೈಕಿನ ಮುಂದೆ ನಿಂತು ಸರೋವರದ ತಂಪುಗಾಳಿಯನ್ನು ಹೊಗಳಲು ಶುರುಮಾಡಿದ. ನಾನು ಪರದೆಯ ಹಿಂದೆ ಹೋಗಿ ಬಟನ್ ಒತ್ತಿದೆ.

ಧಡ್ಡಂ!

ಅಕ್ಕಾ, ಅಷ್ಟೂ ಸ್ಪೀಕರ್‌ಗಳಿಂದ! ಕುರ್ಚಿಗಳು ಬಿದ್ದವು. ಸೈಟಿನವರು ಮಕ್ಕಳನ್ನು ಎತ್ತಿಕೊಂಡು ಕಾರಿನ ಕಡೆ ಓಡಿದರು. “ಮದ್ದು! ಮದ್ದು ಹೊಡೀತಿದಾರೆ!” ಧಣಿ ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಕಿರುಚಿದ, “ಮದ್ದಲ್ಲ ರೀ! ನಿಂತ್ಕೊಳ್ಳಿ! ಇದು ಆಕಾಶದ ಸದ್ದು!”

ನಾನು ಪಕ್ಕದಲ್ಲಿ ಬಂದು ನಿಂತು, ಸಕ್ಕರೆಯಂಥ ದನಿಯಲ್ಲಿ ಕೇಳಿದೆ, “ಮಾವ, ಇವರಿಗೆ ಭಯ. ಗಣಿ ಮುಚ್ಚಿದ ಮೇಲೆ ಶುರುವಾದ ಸದ್ದು, ಗುಂಡಿಯಿಂದಲೇ ಬರ್ತಿರಬಹುದು ಅಂತಾರೆ.”

“ಯಾವನವನು ಹಾಗನ್ನೋನು? ನಾನು ಚಡ್ಡಿ ಹಾಕ್ತಿದ್ದಾಗಿಂದ ಕೇಳ್ತಿದ್ದೀನಿ! ಗಣಿ ತೋಡೋ ಮೊದಲೂ ಇತ್ತು, ತೋಡುವಾಗಲೂ ಇತ್ತು!”

“ಎರಡಕ್ಕೂ ವ್ಯತ್ಯಾಸ ಹೇಗೆ ಗೊತ್ತಾಗುತ್ತೆ ಮಾವ?”

“ಸೈರನ್ ಕಣಮ್ಮ! ಸೈರನ್ ಕೂಗಿದರೆ ಗಣಿ, ಕೂಗದಿದ್ದರೆ ಆಕಾಶ. ನನ್ನ ಗಣೀಲಿ ಸೈರನ್ ಇಲ್ಲದೆ ಒಂದೇ ಒಂದು ಮದ್ದು ಹಾರಿದ್ರೆ ತೋರಿಸಿ!”

ಅಷ್ಟು ಹೇಳಿ ಅವನ ಬಾಯಿ ತೆರೆದೇ ಉಳಿಯಿತು. ಮಾತು ಹೊರಗೆ ಹೋದ ಮೇಲೆ ಅವನಿಗೆ ಕೇಳಿಸಿತು.

ಓಡುತ್ತಿದ್ದವರೂ ನಿಂತರು. ಹಾಲಿನವನು ಎದ್ದು ನಿಂತ. ಮೈಕಿಲ್ಲದೆ, ಮೆಲ್ಲಗೆ ಕೇಳಿದ, “ಹಾಗಾದ್ರೆ ಆವತ್ತು, ಧಣೀ? ಆವತ್ತು ಸೈರನ್ ಇರಲಿಲ್ಲ ಅಂತ ನೀವೇ ಹೇಳಿದ್ರಲ್ಲ. ನನ್ನವಳ ಮೇಲೆ ಬಿದ್ದ ಗೋಡೆ ಕಟ್ಟಿಸಿದ್ದು ಯಾರು?”

ಧಣಿ ಇವರ ಕಡೆ ತಿರುಗಿ, “ಮೈಕ್ ಆಫ್ ಮಾಡೋ” ಎಂದು ಹಲ್ಲು ಕಚ್ಚಿ ಹೇಳಿದ. ಅದೂ ಊರಿಗೆಲ್ಲ ಕೇಳಿಸಿತು. ಇವರು ಸ್ವಿಚ್ಚಿನ ಪಕ್ಕವೇ ಇದ್ದರು. ಕೈಕಟ್ಟಿಕೊಂಡು ನಿಂತಿದ್ದರು.

ಆಗ ನಾನು ಹೇಳಿದೆ, ನಾನು ಆ ಮೇಸ್ತ್ರಿಯ ಮಗಳು ಎಂದು. ಸುಂದರವಾದ ಭಾಷಣ ತಯಾರು ಮಾಡಿಕೊಂಡಿದ್ದೆ. ಒಂದು ಪದವೂ ನೆನಪಿಗೆ ಬರಲಿಲ್ಲ. “ನಮ್ಮಪ್ಪ ಬುತ್ತಿ ತಿಂತಿದ್ರು” ಅಂದೆ. “ನಮ್ಮಪ್ಪ ಬುತ್ತಿ ತಿಂತಿದ್ರು” ಎಂದು ಮತ್ತೆ ಅಂದೆ. ಅಷ್ಟೇ.

ಆಮೇಲೆ ಇವರು ನನ್ನೊಡನೆ ಮಾತಾಡಲಿಲ್ಲ. ಅಂಗಡಿ ತೆರೆಯಲಿಲ್ಲ, ಫೋನ್ ಎತ್ತಲಿಲ್ಲ. ನಾನು ಪೆಟ್ಟಿಗೆ ಕಟ್ಟಿ ಬಾಗಿಲ ಬಳಿ ಇಟ್ಟೆ. ಮೊನ್ನೆ ಬೆಳಿಗ್ಗೆ ನೋಡಿದರೆ ಪೆಟ್ಟಿಗೆ ಖಾಲಿ. ಬಟ್ಟೆಯೆಲ್ಲ ದೊಡ್ಡ ಸ್ಪೀಕರಿನ ಮೇಲೆ, ವಕ್ರವಾಗಿ ಮಡಚಿ ಇಟ್ಟಿದ್ದರು. “ಆ ಸದ್ದಿನ ಕೊನೇಲಿ ನಮ್ಮ ಬೀದಿ ನಾಯಿ ಬೊಗಳುತ್ತೆ. ನನ್ನ ರೆಕಾರ್ಡಿಂಗು ಅಂತ ಆಗಲೇ ಗೊತ್ತಾಯ್ತು” ಅಂದರು. “ಮತ್ತೆ ಮೈಕ್ ಯಾಕ್ರೀ ಆಫ್ ಮಾಡಲಿಲ್ಲ?” ಅಂದೆ. “ಸ್ವಿಚ್ ಕೆಟ್ಟಿತ್ತು” ಅಂದರು. ಕಿವಿ ಕೆಂಪಾಗಿತ್ತು. ಅಕ್ಕಾ, ಇವರ ಅಂಗಡಿಯಲ್ಲಿ ಕೆಟ್ಟ ಸ್ವಿಚ್ ಒಂದೂ ಇಲ್ಲ. ‘ನನಗೆ ಹೇಳಲಿಲ್ಲವಲ್ಲ’ ಎಂಬ ಕೋಪ ಮಾತ್ರ ಇವರಿಗೆ ಇನ್ನೂ ಇದೆ. ಇರಲಿ, ಅದು ನನ್ನ ಪಾಲಿನದು.

ನಿನ್ನೆ ಹಾಡಹಗಲೇ ಧಣಿಯ ಮನೆಗೆ ಹೋದೆ. ಇವರು ಗೇಟಿನಲ್ಲಿ ನಿಂತರು. ಧಣಿ ಸೋಫಾದ ಮೇಲೆ ಕೂತಿದ್ದ. ನಾನು ಕುರ್ಚಿ ಎಳೆದು, ಹತ್ತಿ, ಗೋಡೆಯಿಂದ ಸೈರನ್ ಇಳಿಸಿದೆ. “ಇದು ನಮ್ಮಪ್ಪಂದು” ಅಂದೆ. ಅವನು ಗೋಡೆಯ ಮೇಲೆ ಉಳಿದ ಮೊಳೆಯನ್ನು ನೋಡುತ್ತಿದ್ದ.

ಸೈಟಿನ ಬೋರ್ಡು ಬಿದ್ದಿದೆ. ಶಾಲೆಯ ಗೋಡೆಯ ವಿಚಾರವಾಗಿ ಹಾಲಿನವನು ವಕೀಲರ ಹತ್ತಿರ ಹೋಗಿದ್ದಾನೆ. ಅದಕ್ಕಿಂತ ಸಿಹಿಯಾದದ್ದು ಕೇಳು. ಈಗ ಮೇಲಿನವನು ಕೆಮ್ಮಿದಾಗೆಲ್ಲ ಬೀದಿಯವರು ಆಕಾಶ ನೋಡುವುದಿಲ್ಲ. ಧಣಿಯ ಕಿಟಕಿಯ ಕಡೆ ತಿರುಗಿ, “ಸೈರನ್ ಕೂಗ್ತಾ, ಧಣೀ?” ಎಂದು ಕೇಳುತ್ತಾರೆ. ಕ್ಷೌರದಂಗಡಿಯವನು, ಟೈಲರಮ್ಮ, ಎಲ್ಲರೂ. ಆಕಾಶದ ಬಾಯಿ ಮುಚ್ಚಿಸಲು ಅವನಿಂದ ಆಗುತ್ತದಾ?

ಸೈರನ್ ಪಾರ್ಸೆಲ್‌ನಲ್ಲಿ ಬರುತ್ತಿದೆ. ಅವನ ಮಾತುಗಳ ರೆಕಾರ್ಡಿಂಗೂ ಒಳಗಿದೆ, ಹಲ್ಲು ಕಚ್ಚಿದ್ದೂ ಸೇರಿ. ಬಟ್ಟೆಯ ಹೊಲಿಗೆ ಬಿಚ್ಚಬೇಡ.

ಪಟಾಕಿ


ಆಗಸ್ಟ್ 13

ಪಟಾಕಿ,

ಪಾರ್ಸೆಲ್ ಬಂತು.

ರೆಕಾರ್ಡಿಂಗ್ ಹಾಕಿ ಅಪ್ಪನ ಅಂಗೈಯನ್ನು ಸ್ಪೀಕರಿನ ಮೇಲೆ ಇಟ್ಟೆ. ಅವನ ಒಂದೊಂದು ಮಾತನ್ನೂ ನಾನು ಮುಖಾಮುಖಿ ಕೂತು ಬಾಯಿ ಬಿಟ್ಟು ಹೇಳಿದೆ. ‘ಸೈರನ್ ಇಲ್ಲದೆ ಒಂದೇ ಒಂದು ಮದ್ದು’ ಎಂಬ ಕಡೆ ಅಪ್ಪ ಕೈ ಎತ್ತಿದರು. ಮತ್ತೆ ಹೇಳು ಎಂದರು. ಹೇಳಿದೆ. ಮತ್ತೆ ಎಂದರು. ನನ್ನ ದವಡೆ ನೋಯುವವರೆಗೂ ಹೇಳಿದೆ.

“ಅಂದ್ರೆ ನಾನು ಮರೆತಿರಲಿಲ್ಲ” ಅಂದರು. ಆಮೇಲೆ ಎದ್ದು ಹೋಗಿ ಮುಖ ತೊಳೆದುಕೊಂಡರು. ಬಹಳ ಹೊತ್ತು ತೊಳೆದರು. ಒಂದೇ ಕೆನ್ನೆಯನ್ನು.

ನಿನ್ನೆ ಬೆಳಿಗ್ಗೆ ಸೈರನ್ ಎತ್ತಿಕೊಂಡು ಮಾಳಿಗೆಗೆ ಹೋದರು. ಮೂರು ಕೂಗಿಸುತ್ತಾರೇನೋ ಎಂದುಕೊಂಡೆ. ಇಲ್ಲ. ಒಂದೇ ಕೂಗು, ಉದ್ದವಾಗಿ, ತೋಳು ಸೋಲುವವರೆಗೆ. ಪಕ್ಕದ ಆಸ್ಪತ್ರೆಯಿಂದ ದಾದಿಯರು ಓಡಿ ಬಂದರು, ಎದುರುಮನೆಯವನು ಸೋಪು ಮೆತ್ತಿಕೊಂಡೇ ಹೊರಬಂದು, “ಏನ್ ಅಜ್ಜಾ, ಯುದ್ಧಾನಾ?” ಎಂದು ಬೊಬ್ಬೆ ಹಾಕಿದ. ಅಪ್ಪನಿಗೆ ಕೇಳಿಸಲಿಲ್ಲ. ಕೆಳಗೆ ನೋಡಿ, ಕೈ ಬೀಸಿ ಹೇಳಿದರು, “ಮುಗೀತು. ಎಲ್ಲರೂ ಹೊರಗೆ ಬನ್ನಿ.”

ಅವರಿಗೆ ಮುಗಿಯಿತು. ಅವರು ಒಳ್ಳೆಯವರು. ನಾನು ಅಷ್ಟು ಒಳ್ಳೆಯವಳಲ್ಲ. ಮುಂದಿನ ಸಲ ಮೇಲಿನವನು ಕೆಮ್ಮಿದಾಗ ಧಣಿಯ ಕಿಟಕಿಯ ಕೆಳಗೆ ಹೋಗಿ ನಿಂತು, ಅವನ ಮುಖ ಹೇಗಿತ್ತು ಎಂದು ಬರಿ. ಒಂದೂ ಬಿಡಬೇಡ.

ಅಪ್ಪನನ್ನು ಕರೆದುಕೊಂಡು ಬರುವಾಗ ನಿನಗೆ ಪರದೆ ಹೊಲಿದು ತರುತ್ತೇನೆ. ಹಳದಿಯೇ ಇರಲಿ. ಕಿಟಕಿಯ ಅಳತೆ ಕಳಿಸು.

ಅಕ್ಕ